ಕೆಲಸ ಬಿಟ್ಟು ಸೈಕಾಲಜಿ ಓದಲು ಯಾರಿಂದ ಆದೀತು?

2025ರ ಆಗಸ್ಟ್‌ನಲ್ಲಿ ಯುಜಿಸಿ ಹೇಳಿತು: ಸೈಕಾಲಜಿ ಕೋರ್ಸಿಗೆ ಇನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಪ್ರವೇಶವಿಲ್ಲ. ಹೊಸರಿತ್ತಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಹಗಲು ದುಡಿದು ರಾತ್ರಿ ಓದುವವರಿಗೆ ಕೈಗೆಟುಕುತ್ತಿದ್ದ ದಾರಿ ಇದೇ ಆಗಿತ್ತು.

ಆದೇಶದಲ್ಲಿ ನ್ಯಾಯವಿಲ್ಲ ಎಂದು ನಾವು ಹೇಳುವುದಿಲ್ಲ. ನೊಂದವರಿಗೆ ಥೆರಪಿ ಕೊಡುವುದನ್ನು ಬರೀ ಪುಸ್ತಕ ಓದಿ ಕಲಿಯಲಾಗದು. ಅನುಭವಸ್ಥರ ಕಣ್ಣೆದುರು, ರೋಗಿಗಳ ಜೊತೆ ಕೂತೇ ಕಲಿಯಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸನ್ನೇ ಮಾಡಬೇಕೆಂಬ ನಿಯಮ ಮೊದಲೇ ಇದೆ.

ಆದರೆ ಒಂದು ಬಾಗಿಲು ಮುಚ್ಚಿದವರು ಇನ್ನೊಂದನ್ನು ತೆರೆಯಬೇಕಿತ್ತು. ಅತಿಥಿ ಶಿಕ್ಷಕಿ, ಆಶಾ ಕಾರ್ಯಕರ್ತೆ, ಅಂಗನವಾಡಿ ಅಕ್ಕ ಎರಡು ವರ್ಷ ಕೆಲಸ ಬಿಟ್ಟು ಕಾಲೇಜಿಗೆ ಹೋದರೆ ಮನೆ ನಡೆಸುವವರು ಯಾರು? ನಮ್ಮ ಜಿಲ್ಲೆಯ ರೈತರ ಆತ್ಮಹತ್ಯೆಯ ಸುದ್ದಿಯನ್ನು ನಾವೇ ಎಷ್ಟು ಸಲ ಬರೆದಿದ್ದೇವೆ. ಅಂಥ ಮನೆಗಳ ಕಟ್ಟೆ ಮೇಲೆ ಕೂತು, ನಮ್ಮ ಮಾತಿನಲ್ಲೇ ಕೇಳಿ, ಹೇಳುವವರು ಬೇಕು. ಆ ಮನೆಗಳ ಪರಿಚಯ ಇರುವುದು ಈ ಅಕ್ಕಂದಿರಿಗೇ.

ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಹಾವೇರಿಯಲ್ಲಿ ಜಿಲ್ಲಾಸ್ಪತ್ರೆ ಇದೆ. ಶನಿವಾರ, ಭಾನುವಾರ ತರಗತಿ ನಡೆಸಿ, ಈ ಆಸ್ಪತ್ರೆಗಳಲ್ಲೇ ಪ್ರಾಕ್ಟಿಕಲ್ ಕೊಡಿ. ವರ್ಷ ಹೆಚ್ಚಾದರೂ ಚಿಂತೆಯಿಲ್ಲ. ಶಾಸಕರು, ವಿಶ್ವವಿದ್ಯಾಲಯದವರು ಇದನ್ನು ಕೇಳಿಸಿಕೊಳ್ಳಬೇಕು.

ಅಲ್ಲಿಯವರೆಗೆ ಎರಡು ಮಾತು. ಮೂರು ತಿಂಗಳಲ್ಲಿ ಥೆರಪಿಸ್ಟ್ ಮಾಡುತ್ತೇವೆ ಎಂಬ ಜಾಹೀರಾತು ಮೊಬೈಲಿನಲ್ಲಿ ಬಂದರೆ ಫೀ ಕಟ್ಟಬೇಡಿ. ನಿಮಗಾಗಲಿ ಮನೆಯವರಿಗಾಗಲಿ ಮನಸ್ಸು ಭಾರವಾದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.