ಮನೆ ಕುಸಿದ ಮೇಲೆ ಪಾಲಿಸಿ ಓದುವವರು

2025ರ ಮೇ 30ರಂದು ಉಳ್ಳಾಲ ತಾಲೂಕಿನ ಮಂಜನಾಡಿ ಬಳಿಯ ಮೊಂಟೆಪದವಿನಲ್ಲಿ ಗುಡ್ಡ ಕುಸಿದು ಮನೆಯ ಮೇಲೆ ಬಿದ್ದು ಪುಟ್ಟ ಮಕ್ಕಳೂ ಪ್ರಾಣ ಕಳೆದುಕೊಂಡರು. ಅದರ ಹಿಂದಿನ ವರ್ಷ, 2024ರ ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಜಾರಿತ್ತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಸಮಯದಲ್ಲಿ ಸೋಮೇಶ್ವರ, ಉಳ್ಳಾಲದ ತೀರದವರು ಕಂಡದ್ದನ್ನು ಇಲ್ಲಿ ಮತ್ತೆ ವಿವರಿಸಬೇಕಾಗಿಲ್ಲ. ಹೋದ ಜೀವಕ್ಕೆ ಯಾವ ಪರಿಹಾರವೂ ಸಮನಲ್ಲ. ಆದರೆ ಜೀವ ಉಳಿದು ಮನೆ ಹೋದವರ ಪ್ರಶ್ನೆ ಬೇರೆ: ಮತ್ತೆ ಕಟ್ಟುವ ಹಣ ಎಲ್ಲಿಂದ?

ಸರಕಾರ ಕೊಡುತ್ತದೆ ಎಂಬುದು ನಮ್ಮಲ್ಲಿ ಹೆಚ್ಚಿನವರ ನಂಬಿಕೆ. ರಾಜ್ಯ ವಿಪತ್ತು ಪರಿಹಾರ ನಿಧಿಗೆ 2022ರಲ್ಲಿ ಪ್ರಕಟವಾದ ಮಾನದಂಡದ ಪ್ರಕಾರ, ಬಯಲು ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ ನಿಗದಿಯಾದದ್ದು 1 ಲಕ್ಷ 20 ಸಾವಿರ ರೂಪಾಯಿ. 2019ರ ನೆರೆಯ ವೇಳೆ ನಮ್ಮ ರಾಜ್ಯ ಸರಕಾರ ಇದನ್ನು 5 ಲಕ್ಷಕ್ಕೆ ಏರಿಸಿತ್ತು ನಿಜ, ಆದರೆ ಅದು ಆ ವರ್ಷದ ತೀರ್ಮಾನ, ಹಕ್ಕಲ್ಲ. ಇಂದು ಸಾಧಾರಣ ಮನೆಯ ಅಡಿಪಾಯಕ್ಕೂ 1 ಲಕ್ಷ 20 ಸಾವಿರ ಸಾಲದು. ಕಾರಿಗೆ, ಸ್ಕೂಟರಿಗೆ ಕಾನೂನು ಹೇಳಿದ ಕಾರಣಕ್ಕೆ ವಿಮೆ ಮಾಡಿಸುವ ನಾವು, ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ದುಡಿದು ಕಟ್ಟಿದ ಮನೆಯನ್ನು ಮಾತ್ರ ದೇವರ ಮೇಲೆ ಭಾರ ಹಾಕಿ ಬಿಟ್ಟಿರುತ್ತೇವೆ.

2021ರ ಎಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿತು. ಯಾವ ಕಂಪೆನಿಯಿಂದ ಕೊಂಡರೂ ಇದರ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ ಎಲ್ಲವೂ ಇದರಲ್ಲಿ ಸೇರಿವೆ. ಗಾಳಿಗೆ ತೆಂಗಿನಮರ ಮುರಿದು ಮಾಡಿನ ಮೇಲೆ ಬಿದ್ದರೂ ಪರಿಹಾರವಿದೆ. ಆವರಣ ಗೋಡೆ, ಗುಡ್ಡಕ್ಕೆ ಕಟ್ಟಿದ ತಡೆಗೋಡೆ, ನೀರಿನ ಟ್ಯಾಂಕಿ, ಸೋಲಾರ್ ಫಲಕ ಇವೂ ಕಟ್ಟಡದ ಭಾಗವೆಂದೇ ಲೆಕ್ಕ.

ಮೊತ್ತ ನಿಗದಿ ಮಾಡುವುದು ಮನೆಯ ವಿಸ್ತೀರ್ಣವನ್ನು ಕಟ್ಟುವ ಖರ್ಚಿನಿಂದ ಗುಣಿಸಿ. ಜಾಗದ ಬೆಲೆ ಇದರಲ್ಲಿ ಬರುವುದಿಲ್ಲ. ಸಾವಿರ ಚದರ ಅಡಿಯ ಮನೆಗೆ ಅಡಿಗೆ 2 ಸಾವಿರದಂತೆ 20 ಲಕ್ಷ ಎಂದಿಟ್ಟುಕೊಳ್ಳಿ. ಮನೆಯೊಳಗಿನ ಸಾಮಾನಿಗೆ ಅದರ ಶೇ. 20, ಅಂದರೆ 4 ಲಕ್ಷದ ರಕ್ಷಣೆ ತಾನಾಗಿಯೇ ಸಿಗುತ್ತದೆ. ಹೀಗೆ ತಾನಾಗಿ ಸಿಗುವುದಕ್ಕೆ 10 ಲಕ್ಷದ ಮಿತಿಯಿದೆ. ಹೆಚ್ಚು ಬೇಕಾದರೆ ಸಾಮಾನಿನ ಪಟ್ಟಿ ಕೊಡಬೇಕು. ಹಿಂದಿನ ಪಾಲಿಸಿಗಳಲ್ಲಿ ದೊಡ್ಡ ತಕರಾರೊಂದಿತ್ತು: 30 ಲಕ್ಷದ ಮನೆಗೆ 15 ಲಕ್ಷದ ವಿಮೆ ಮಾಡಿ 4 ಲಕ್ಷದ ನಷ್ಟವಾದರೆ, 'ನೀವು ಅರ್ಧಕ್ಕೆ ಮಾತ್ರ ಮಾಡಿಸಿದ್ದೀರಿ' ಎಂದು 2 ಲಕ್ಷ ಕೊಡುತ್ತಿದ್ದರು. ಹೊಸ ಪಾಲಿಸಿಯಲ್ಲಿ ಈ ಕಡಿತವಿಲ್ಲ, 4 ಲಕ್ಷವೂ ಸಿಗಬೇಕು.

ಇಷ್ಟು ಕೇಳಿ ಸಮಾಧಾನಪಡುವ ಮುನ್ನ ಕರಾವಳಿಯವರು ಓದಲೇಬೇಕಾದ ಸಾಲೊಂದಿದೆ. ಭೂಕುಸಿತ ಮತ್ತು ನೆಲ ಕುಸಿತದ ರಕ್ಷಣೆಯಿಂದ ಈ ಪಾಲಿಸಿಯು ಕಡಲ್ಕೊರೆತ ಹಾಗೂ ನದಿ ಕೊರೆತವನ್ನು ಹೊರಗಿಟ್ಟಿದೆ. ನೆಲ ಅಗೆದದ್ದರಿಂದ, ಮಣ್ಣು ತುಂಬಿದ ಜಾಗ ಕೂತದ್ದರಿಂದ ಆದ ಹಾನಿಯೂ ಹೊರಗೆ. ಗುಡ್ಡ ಕಡಿದು ಮನೆ ಕಟ್ಟುವುದು, ಗದ್ದೆಗೆ ಮಣ್ಣು ಹಾಕಿ ನಿವೇಶನ ಮಾಡುವುದು, ಇವೇ ಅಲ್ಲವೇ ಇಂದು ನಮ್ಮ ಜಿಲ್ಲೆಗಳಲ್ಲಿ ನಡೆಯುತ್ತಿರುವುದು? ಚಂಡಮಾರುತದ ಅಲೆ ಬಡಿದು ಗೋಡೆ ಬಿದ್ದರೆ ಬಿರುಗಾಳಿಯ ಲೆಕ್ಕದಲ್ಲಿ ಪರಿಹಾರ ಕೇಳಬಹುದು. ವರ್ಷವರ್ಷವೂ ಕಡಲು ದಡ ತಿಂದು ಮನೆ ಬಿದ್ದರೆ ಬಾಗಿಲು ಮುಚ್ಚಿದಂತೆ. ಇವೆರಡರ ನಡುವಿನ ಗೆರೆ ಎಳೆಯುವವನು ಸರ್ವೇಯರ್. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಮನೆಯ ನಾಲ್ಕೂ ಬದಿಯ, ಹಿಂದಿನ ಗುಡ್ಡದ ಫೋಟೊ ತೆಗೆದು, ದಿನಾಂಕ ಸಹಿತ ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಕಳುಹಿಸಿಡುವುದು ಒಳ್ಳೆಯದು.

ಸಿಡಿಲಿನ ವಿಷಯದಲ್ಲೂ ಇಂಥದ್ದೇ ಒಂದು ಸೂಕ್ಷ್ಮವಿದೆ. ಸಿಡಿಲಿಗೆ ಗೋಡೆ ಬಿರುಕು ಬಿಟ್ಟರೆ ಹಣ ಸಿಗುತ್ತದೆ. ಸಿಡಿಲಿನಿಂದ ವಿದ್ಯುತ್ ಏರಿ ಟಿವಿ ಮಾತ್ರ ಸುಟ್ಟುಹೋದರೆ ಆ ಟಿವಿಗೆ ಸಿಗುವುದಿಲ್ಲ.

ಇನ್ನು ಕಳ್ಳತನ. ಈ ಮೂಲ ಪಾಲಿಸಿಯಲ್ಲಿ ಕಳವಿಗೆ ಪರಿಹಾರ ಇರುವುದು ನೆರೆ, ಬೆಂಕಿಯಂಥ ಅವಘಡ ನಡೆದ 7 ದಿನಗಳೊಳಗೆ, ಅದರ ಕಾರಣದಿಂದ ಆದ ಕಳವಿಗೆ ಮಾತ್ರ. ಬೀಗ ಹಾಕಿದ ಮನೆಗೆ ಕಳ್ಳ ನುಗ್ಗಿದರೆ ಇದು ಉಪಯೋಗಕ್ಕಿಲ್ಲ, ಅದಕ್ಕೆ ಪ್ರತ್ಯೇಕ ವಿಮೆ ಬೇಕು. ನಗದು, ದಾಖಲೆಪತ್ರ ಸೇರುವುದೇ ಇಲ್ಲ. ಚಿನ್ನವನ್ನು ಹೆಸರಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಬೇಕು. ಹಳೆಯ ಬೆಂಕಿ ವಿಮೆ ಪಾಲಿಸಿಗಳಲ್ಲಿ 30 ದಿನಕ್ಕಿಂತ ಹೆಚ್ಚು ಕಾಲ ಯಾರೂ ವಾಸವಿಲ್ಲದ ಮನೆಯ ರಕ್ಷಣೆಯೇ ನಿಂತುಹೋಗುವ ಷರತ್ತಿತ್ತು. ಆದ್ದರಿಂದ ವರ್ಷದಲ್ಲಿ ಹತ್ತು ತಿಂಗಳು ಬಾಗಿಲು ಹಾಕಿರುವ ಮನೆಗಳವರು ಆ ಸಂಗತಿಯನ್ನು ಮೊದಲೇ ಕಂಪೆನಿಗೆ ತಿಳಿಸಿ ಉತ್ತರವನ್ನು ಲಿಖಿತವಾಗಿ ಪಡೆಯಬೇಕು.

'ಸಾಲ ಕೊಟ್ಟಾಗ ಬ್ಯಾಂಕಿನವರೇ ಮಾಡಿಸಿದ್ದಾರೆ' ಎನ್ನುವವರು ಆ ಕಾಗದವನ್ನು ಒಮ್ಮೆ ಬಿಚ್ಚಿ ನೋಡುವುದು ಒಳಿತು. ಎಷ್ಟೋ ಸಲ ಅದು ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವ ವಿಮೆಯಾಗಿರುತ್ತದೆ. ಮನೆ ಬಿದ್ದರೆ ಅದರಿಂದ ಒಂದು ಹಂಚೂ ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನು ಕೇಂದ್ರ ತೆಗೆದುಹಾಕಿತು. ಮನೆ ವಿಮೆಗೆ ಆ ರಿಯಾಯಿತಿ ಸಿಗಲಿಲ್ಲ. ವಿಪತ್ತು ಹೆಚ್ಚುತ್ತಿರುವ ದಿನಗಳಲ್ಲಿ ಇದು ಸರಿಯಾದ ನೀತಿ ಎನಿಸುವುದಿಲ್ಲ.

ಹಾನಿಯಾದಾಗ ಕೂಡಲೇ ಕಂಪೆನಿಗೆ ತಿಳಿಸಿ, ಸರ್ವೇಯರ್ ಬರುವ ತನಕ ಅವಶೇಷ ತೆಗೆಯದೆ ಇರುವುದು ಮುಖ್ಯ. ನೆರವಿಗೆ ಓಡಿಬರುವ ವಾಳೆಯ ಗುರಿಕಾರರೂ ಯುವಕರೂ ಇದನ್ನು ನೆನಪಿಡಬೇಕು. ಒಳ್ಳೆಯ ಮನಸ್ಸಿನಿಂದ ಅಂಗಳ ಗುಡಿಸಿಬಿಟ್ಟರೆ ಸಾಕ್ಷ್ಯವೂ ಹೋಗುತ್ತದೆ. ಕ್ಲೇಮು ತಿರಸ್ಕೃತವಾದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. 50 ಲಕ್ಷದವರೆಗಿನ ತಕರಾರನ್ನು ಅವರು ಕೇಳುತ್ತಾರೆ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.