ಮರಳಿ ಬಂದವರಿಗೆ ಯಾವ ಲೆವೆಲ್?



ಯುಗಾದಿ ಹತ್ತಿರ ಬಂತು. ಕಬ್ಬಿನ ಹಂಗಾಮು ಮುಗಿಸಿ ನಮ್ಮ ಸೋನ್ಯಾಳದ ಕುಟುಂಬಗಳು ಒಂದೊಂದಾಗಿ ಊರಿಗೆ ಮರಳುತ್ತಿವೆ. ಅವರ ಜೊತೆಗೆ ನಮ್ಮ ಯುವಕೂಟದ ಭಾನುವಾರದ ಆಟಕ್ಕೆ ಹೋದ ವರ್ಷದ ವಾದವೂ ಮರಳಿದೆ: ಐದು ತಿಂಗಳು ಬಾರದೇ ಇದ್ದವನ ಪಾತ್ರ ಯಾವ ಲೆವೆಲ್‌ನಲ್ಲಿ ಇರಬೇಕು? ನನ್ನ ಉತ್ತರ ಚಿಕ್ಕದು. ಉಳಿದವರೆಲ್ಲ ಯಾವ ಲೆವೆಲ್‌ನಲ್ಲಿ ಇದ್ದಾರೋ ಅದೇ ಲೆವೆಲ್. ಕಾರಣ ಮಾತ್ರ ಸ್ವಲ್ಪ ಉದ್ದ.

ಮೊದಲು ಮನೆಯ ಹಿರಿಯರಿಗೆ ಎರಡು ಮಾತು. ನಾವು ಆಡುವ ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ, ಕೆಲಸ ಆಗುತ್ತದೋ ಇಲ್ಲವೋ ಎಂಬ ಸಂದೇಹ ಬಂದಾಗ 20 ಮುಖದ ದಾಳ ಉರುಳಿಸುತ್ತಾರೆ. ಬಯಲಾಟವೂ ಪಗಡೆಯೂ ಕೂಡಿದ ಹಾಗೆ ಅಂದುಕೊಳ್ಳಿ, ಆದರೆ ಮಾತು ಬಾಯಿಪಾಠ ಇರುವುದಿಲ್ಲ. ಇದರ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಮುಕ್ತ ಪರವಾನಗಿಯಲ್ಲಿ ಬಿಟ್ಟಿದ್ದಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಕನ್ನಡಕ್ಕೂ ತಂದುಕೊಳ್ಳಬಹುದು. “ಅದರಲ್ಲಿ ದೆವ್ವ, ಪಿಶಾಚಿ ಇದೆಯಂತಲ್ಲ?” ಎಂದು ಕೇಳಿದ ತಾಯಂದಿರಿದ್ದಾರೆ. 1980ರ ದಶಕದಲ್ಲಿ ಅಮೆರಿಕದ ಎಷ್ಟೋ ಕ್ರೈಸ್ತ ಮನೆಗಳಲ್ಲೂ ಇದೇ ಗಾಬರಿ ಎದ್ದಿತ್ತು. ನಮ್ಮ ಕಥೆಯಲ್ಲಿ ಸದ್ಯಕ್ಕೆ ಇರುವುದು ಒಂದು ಬತ್ತಿದ ಕೆರೆ, ಅದರ ನೀರು ಕದ್ದ ಒಬ್ಬ ಮಂತ್ರವಾದಿ, ಮತ್ತು ಗೆದ್ದವರಿಗೆ ಬಹುಮಾನವಾಗಿ ಒಂದು ಮಾಡಗ್ಯಾಳ ಟಗರು. ಅನುಮಾನ ಇದ್ದವರು ಒಂದು ಭಾನುವಾರ ಬಂದು ಕೂತು ನೋಡಿ.

ಈಗ ಲೆವೆಲ್ ಮಾತು. ಪಾತ್ರ 1ನೇ ಲೆವೆಲ್‌ನಿಂದ ಶುರುವಾಗಿ 20ರವರೆಗೆ ಏರಬಹುದು. ನಾವು ಬಳಸುವ 2014ರ ನಿಯಮಗಳಲ್ಲಿ ಒಬ್ಬ ಸಾಧಾರಣ ಯೋಧನನ್ನು ತೆಗೆದುಕೊಳ್ಳಿ. 1ನೇ ಲೆವೆಲ್‌ನಲ್ಲಿ ಅವನ ಪ್ರಾಣ 12 ಅಂಕ, ಒಂದು ಸರದಿಗೆ ಒಂದು ಏಟು. 5ನೇ ಲೆವೆಲ್‌ನಲ್ಲಿ ಅದೇ ಯೋಧನ ಪ್ರಾಣ 44 ಅಂಕ, ಸರದಿಗೆ ಎರಡು ಏಟು. ಏಟು ತಗಲುವ ಸಂಭವ ಮಾತ್ರ ಹೆಚ್ಚು ಬದಲಾಗುವುದಿಲ್ಲ, ನೂರಕ್ಕೆ 55 ಇದ್ದದ್ದು 65 ಆಗಬಹುದು ಅಷ್ಟೇ. ಇದನ್ನೇ ಹಿಡಿದುಕೊಂಡು “ವ್ಯತ್ಯಾಸ ಸ್ವಲ್ಪವೇ, ಸಣ್ಣ ಲೆವೆಲ್‌ನವನೂ ಆಡಬಹುದು” ಎನ್ನುವವರಿದ್ದಾರೆ. ಪ್ರಾಣದ ಅಂಕವನ್ನು ಅವರು ನೋಡುವುದಿಲ್ಲ. 5ನೇ ಲೆವೆಲ್‌ನ ತಂಡಕ್ಕೆ ತಕ್ಕ ಎದುರಾಳಿ ಎಂದರೆ ಫೈರ್‌ಬಾಲ್ ಎಸೆಯುವ ಮಂತ್ರವಾದಿ. ಆ ಬೆಂಕಿಯುಂಡೆಗೆ ಆರು ಮುಖದ ಎಂಟು ದಾಳ, ಸರಾಸರಿ 28. ತಪ್ಪಿಸಿಕೊಂಡವನಿಗೂ ಅರ್ಧ, ಅಂದರೆ 14. 44 ಇದ್ದವನು ಪೂರಾ ಪೆಟ್ಟು ತಿಂದೂ 16 ಉಳಿಸಿಕೊಂಡು ನಿಲ್ಲುತ್ತಾನೆ. 12 ಇದ್ದವನು ತಪ್ಪಿಸಿಕೊಂಡರೂ ಬೀಳುತ್ತಾನೆ. ತಪ್ಪಿಸಿಕೊಳ್ಳದಿದ್ದರೆ ನಿಯಮದ ಪ್ರಕಾರ ಅಲ್ಲೇ ಸಾವು, ಉಪಚಾರಕ್ಕೂ ಅವಕಾಶವಿಲ್ಲ.

ಹಾಗಾಗಿ ಕಥೆ ನಡೆಸುವವನಿಗೆ ಎರಡೇ ದಾರಿ. ದೊಡ್ಡವರಿಗೆ ತಕ್ಕ ವೈರಿಯನ್ನು ತಂದರೆ ಚಿಕ್ಕವನು ಸಾಯುತ್ತಾನೆ. ಚಿಕ್ಕವನಿಗೆ ತಕ್ಕ ವೈರಿಯನ್ನು ತಂದರೆ ದೊಡ್ಡವರು ಆಕಳಿಸುತ್ತಾರೆ. ಜಾತ್ರೆಯ ಕುಸ್ತಿಯಲ್ಲಿ ಸರಿಜೋಡಿ ನೋಡಿ ಪೈಲವಾನರನ್ನು ಬಿಡುತ್ತಾರಲ್ಲ, ಆ ಅನುಕೂಲ ಇಲ್ಲಿಲ್ಲ. ಇಲ್ಲಿ ಐವರೂ ಒಂದೇ ಕಡೆ, ಎದುರಿಗೆ ನಿಂತದ್ದು ಒಂದೇ.

ಆಮೇಲೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಚಿಕ್ಕವನಿಗೆ ಗೆಳೆಯರೇ ಹೇಳುತ್ತಾರೆ, “ನೀ ಹಿಂದೆ ನಿಂತ್ಕೋ, ಪಂಜು ಹಿಡ್ಕೋ.” ಅವರು ಹೇಳುವುದು ಪ್ರೀತಿಯಿಂದಲೇ. ಆದರೆ ಎರಡು ತಾಸು ಪಂಜು ಹಿಡಿದು ನಿಲ್ಲುವುದಕ್ಕೆ ನಾವು ಕನ್ನಡದಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತೇವೆ. ಜತ್ತಕ್ಕೆ ಹೋದರೆ ಮರಾಠಿ ಮಕ್ಕಳು ಅದನ್ನೇ ಕಚ್ಚಾ ಲಿಂಬೂ ಎನ್ನುತ್ತಾರೆ. ಐದು ವರ್ಷದ ಕೂಸಿಗೆ ಅದು ಸರಿ, ಔಟಾದರೂ ಓಡಾಡಿಕೊಂಡು ಖುಷಿಪಡುತ್ತದೆ. ಹದಿನೇಳು ವರ್ಷದ ಹುಡುಗನಿಗೆ ಅದು ಸರಿಯಲ್ಲ. ಅವನು ಮೂರನೇ ಭಾನುವಾರದಿಂದ ಬರುವುದನ್ನೇ ಬಿಡುತ್ತಾನೆ, ಕಾರಣ ಕೇಳಿದರೆ ಹೊಲದ ಕೆಲಸ ಎನ್ನುತ್ತಾನೆ.

“ಬೇಗ ಸರಿಹೋಗುತ್ತದೆ ಬಿಡಣ್ಣ, ನಿಯಮದಲ್ಲೇ ಅದಕ್ಕೆ ದಾರಿ ಇದೆ” ಎಂದು ನಮ್ಮ ಕೂಟದ ಲೆಕ್ಕಪಟುಗಳು ವಾದಿಸಿದರು. ಲೆಕ್ಕ ತಪ್ಪೇನಲ್ಲ. 5ನೇ ಲೆವೆಲ್‌ಗೆ ಬೇಕಾದ ಅನುಭವದ ಅಂಕ 6,500, 6ಕ್ಕೆ 14,000. ಎಲ್ಲರಿಗೂ ಸಮನಾಗಿ ಹಂಚಿದರೆ, ದೊಡ್ಡವರು 7,500 ಗಳಿಸಿ 6ಕ್ಕೆ ಏರುವ ಹೊತ್ತಿಗೆ ಶೂನ್ಯದಿಂದ ಶುರುಮಾಡಿದವನೂ 7,500 ಗಳಿಸಿ 5ಕ್ಕೆ ಬಂದಿರುತ್ತಾನೆ. ನಾನು ಬಿಎಸ್ಸಿ ಓದಿದವನು, ಇಂಥ ಲೆಕ್ಕ ನನಗೂ ಇಷ್ಟ. ಆದರೆ ಅದರೊಳಗೆ “ಬದುಕಿ ಉಳಿದರೆ” ಎಂಬ ಮಾತು ಅಡಗಿದೆ. ಸಮಯವೂ ಅಡಗಿದೆ. ವಾರಕ್ಕೆ ಎರಡು ತಾಸು ಆಡುವ ನಮಗೆ 7,500 ಅಂಕ ಎಂದರೆ ಎರಡು ಮೂರು ತಿಂಗಳು. ದೀಪಾವಳಿ ಸುಮಾರಿಗೆ ಅವನ ಮನೆಯವರು ಮತ್ತೆ ಗಂಟುಮೂಟೆ ಕಟ್ಟುತ್ತಾರೆ. ಊರಲ್ಲಿರುವ ಏಳು ತಿಂಗಳಲ್ಲಿ ಮೂರನ್ನು ಹಿಂದೆ ನಿಂತೇ ಕಳೆಯಬೇಕೇ?

ನಮ್ಮ ಜತ್ತ ತಾಲೂಕು ಮಳೆನೆರಳಿನ ಸೀಮೆ, ಬರ ನಮಗೆ ಹೊಸದಲ್ಲ. ಅದಕ್ಕೇ ಇಲ್ಲಿಂದ ಜನ ಕಬ್ಬು ಕಡಿಯಲು ಹೋಗುತ್ತಾರೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ, ಮುಂಗಡ ಹಂಗಾಮಿಗೆ ಮುಂಚೆಯೇ ಕೈಗೆ ಬಂದು ಖರ್ಚಾಗಿರುತ್ತದೆ, ಆಮೇಲೆ ಹೋಗದೆ ಇರುವುದಕ್ಕಾಗುವುದಿಲ್ಲ. ದೊಡ್ಡ ಮಕ್ಕಳು ಜೊತೆಗೆ ಹೋಗುತ್ತಾರೆ, ಇಲ್ಲವೇ ಮನೆ ಕಾಯಲು ಉಳಿಯುತ್ತಾರೆ. ಬಾರದವರು ಅವರಷ್ಟೇ ಅಲ್ಲ. 12ನೇ ತರಗತಿಯವರಿಗೆ ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ. ಮಿರಜಿನಲ್ಲಿ ನರ್ಸಿಂಗ್ ಓದುವ ಅಕ್ಕಂದಿರಿಗೆ ರಜೆ ಸಿಕ್ಕಾಗ ಮಾತ್ರ ಊರು. ಕತ್ತಲಾಗುವ ಮೊದಲು ಮನೆ ಸೇರಬೇಕಾದ ಹುಡುಗಿಯರು ಕಥೆ ರಂಗೇರುವ ಹೊತ್ತಿಗೇ ಎದ್ದು ಹೋಗುತ್ತಾರೆ. ಹಾಜರಿಗೆ ಲೆವೆಲ್ ಕೊಡುತ್ತಾ ಹೋದರೆ ಕೊನೆಗೆ ಮೇಲೇರುವವರು ಯಾರು? ಊರಲ್ಲೇ ಇದ್ದು, ಓದಿನ ಒತ್ತಡ ಇಲ್ಲದೆ, ಎಷ್ಟು ಹೊತ್ತಿಗಾದರೂ ಮನೆಗೆ ಹೋಗಬಹುದಾದ ನಾಲ್ಕು ಹುಡುಗರು. ಪಾತ್ರದ ಹಾಳೆಯಲ್ಲಿ ಅದನ್ನು ಪರಾಕ್ರಮ ಎಂದು ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದಕ್ಕೆ ಬಂದ ಆಕ್ಷೇಪಗಳಲ್ಲಿ ಒಂದು ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು. ಒಂದು ವಾರವೂ ತಪ್ಪಿಸದ ತಂಗಿಯೊಬ್ಬಳು ಕೇಳಿದಳು: “ಪಾತ್ರೆ ತೊಳೆದಿಟ್ಟು ಓಡಿ ಬರೋದು ನಾನು, ಬಾರದವರಿಗೂ ಅಷ್ಟೇ ಲೆವೆಲ್ ಅಂದ್ರ ನಾ ಬಂದದ್ದಕ್ಕ ಏನು ಬೆಲೆ?” ನ್ಯಾಯವಾದ ಪ್ರಶ್ನೆ. ಧರ್ಮೋಪದೇಶದ ಹುಡುಗರು ಕೂಡಲೇ ದ್ರಾಕ್ಷಿತೋಟದ ಕೂಲಿಗಳ ಸಾಮತಿ ಎತ್ತಿದರು, ಸಂಜೆ ಬಂದವನಿಗೂ ಒಂದೇ ಕೂಲಿ ಎಂದು. ದ್ರಾಕ್ಷಿ ಬೆಳೆಯುವ ಜಿಲ್ಲೆಯವರು ನಾವು, ಆ ಸಾಮತಿ ನಮಗೆ ಬೇಗ ಹತ್ತುತ್ತದೆ. ಆದರೆ ಬೆಳಗಿನಿಂದ ದುಡಿದವಳ ಬಾಯಿ ಮುಚ್ಚಿಸಲು ಅದನ್ನು ಬಳಸುವುದು ನನಗೆ ಸರಿ ಕಾಣಲಿಲ್ಲ. ಅವಳಿಗೆ ಬೇರೆ ಉತ್ತರ ಬೇಕು.

ಆ ಉತ್ತರ ಕಥೆಯಲ್ಲೇ ಇದೆ. ಕಥೆಯ ಊರಿನ ಜನ ಅವಳ ಪಾತ್ರವನ್ನು ಹೆಸರು ಹಿಡಿದು ಕರೆಯುತ್ತಾರೆ. ಕೋಟೆಯ ಕಾವಲುಗಾರ ಅವಳ ಮುಖ ನೋಡಿ ಬಾಗಿಲು ತೆಗೆಯುತ್ತಾನೆ. ಕೆರೆಯ ನಕ್ಷೆ ಅವಳ ಜೋಳಿಗೆಯಲ್ಲಿದೆ, ಮಂತ್ರವಾದಿಯ ಗುಟ್ಟು ಗೊತ್ತಿರುವುದೂ ಅವಳೊಬ್ಬಳಿಗೇ. ಇವನ್ನು ಮರಳಿ ಬಂದವನಿಗೆ ನಾನು ಕೊಡುವುದಿಲ್ಲ, ಕೊಡಲು ಬರುವುದೂ ಇಲ್ಲ. ಅವನಿಗೆ ಕೊಡುವುದು ಪ್ರಾಣದ ಅಂಕ ಮತ್ತು ಎರಡನೇ ಏಟು, ಅಂದರೆ ಅವಳ ಪಕ್ಕದಲ್ಲಿ ನಿಲ್ಲುವಷ್ಟು ಶಕ್ತಿ. ಇದು ಬರೀ ಬಾಯಿಮಾತಾಗಬಾರದು. ಯಾರು ಯಾರಿಗೆ ಉಪಕಾರ ಮಾಡಿದರು, ಯಾರ ಹೆಸರು ಎಲ್ಲಿ ನಡೆಯುತ್ತದೆ ಎಂಬುದನ್ನು ಕಥೆ ನಡೆಸುವವನು ವಹಿಯಲ್ಲಿ ಬರೆದಿಟ್ಟು, ಮುಂದಿನ ವಾರ ನೆನಪಿನಿಂದ ಬಳಸಬೇಕು. ಅಷ್ಟು ಮಾಡದಿದ್ದರೆ ಅವಳ ದೂರು ನಿಜವಾಗುತ್ತದೆ.

ಚಿಕ್ಕ ಲೆವೆಲ್‌ನವನಿಗೆ ಒಂದು ಮಾಯದ ಕತ್ತಿ ಕೊಟ್ಟು ಸಮಾಧಾನ ಮಾಡುವ ಉಪಾಯವನ್ನು ಕೆಲವರು ಹೇಳಿದ್ದರು. ಕತ್ತಿ ಪ್ರಾಣದ ಅಂಕವನ್ನು ಹೆಚ್ಚಿಸುವುದಿಲ್ಲ. ಬೆಂಕಿಯುಂಡೆ ಬಿದ್ದಾಗ ಕತ್ತಿಯ ಸಮೇತ ಬೀಳುತ್ತಾನೆ. ದಾವೀದ ಗೊಲ್ಯಾತನನ್ನು ಕೆಡವಲಿಲ್ಲವೇ ಎಂದರೆ, ಕೆಡವಿದ, ಆದರೆ ಕವಣೆಯ ಒಂದೇ ಕಲ್ಲಿಗೆ ಕಥೆ ಮುಗಿಯಿತು. ನಾವು ಒಂದು ಸಂಜೆಗೆ ಮೂವತ್ತು ಸಲ ದಾಳ ಉರುಳಿಸುತ್ತೇವೆ. ಅಷ್ಟು ಸಲ ಉರುಳಿಸಿದರೆ ಅದೃಷ್ಟ ಸರಾಸರಿಗೆ ಬಂದು ಕೂಡುತ್ತದೆ.

ಒಂದು ತೊಂದರೆ ನಿಜವಾಗಿ ಉಳಿಯುತ್ತದೆ. 5ನೇ ಲೆವೆಲ್‌ನ ಹಾಳೆಯಲ್ಲಿ ಬರೆದದ್ದು ಬಹಳ. ಮೊದಲಿನಿಂದ ಏರಿದವರು ಒಂದೊಂದೇ ಕಲಿತಿರುತ್ತಾರೆ. ಮಧ್ಯದಲ್ಲಿ ಬಂದವನಿಗೆ, ಅದರಲ್ಲೂ ಮಂತ್ರ ಹಾಕುವ ಪಾತ್ರ ಹಿಡಿದರೆ, ತಲೆ ಗಿರ್ರೆನ್ನುತ್ತದೆ. ಅಂಥವರಿಗೆ ಮೊದಲು ಯೋಧನ ಪಾತ್ರ ಕೊಡಿ, ಅದರಲ್ಲಿ ನೆನಪಿಡುವುದು ಕಡಿಮೆ. ಮಂತ್ರವೇ ಬೇಕೆಂದು ಹಟ ಹಿಡಿದರೆ ಮೂರೇ ಮಂತ್ರಗಳನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡಿ, ಉಳಿದವು ಎರಡು ವಾರ ಬಿಟ್ಟು ಬರಲಿ. ಆಟಕ್ಕೆ ಅರ್ಧ ತಾಸು ಮೊದಲು ಕೂರಿಸಿಕೊಂಡು ಕಥೆ ಎಲ್ಲಿಗೆ ಬಂದಿದೆ ಎಂದು ಹೇಳಿ. ಹೇಳುವ ಕೆಲಸವನ್ನು ಆ ತಂಗಿಗೇ ಒಪ್ಪಿಸಿದ್ದೇನೆ. ನನಗಿಂತ ಚೆನ್ನಾಗಿ ಅವಳಿಗೆ ನೆನಪಿದೆ.

ಈಸ್ಟರ್ ಆದ ಮುಂದಿನ ಭಾನುವಾರ, ಪೂಜೆ ಮುಗಿದ ಮೇಲೆ ಆಟ. ಮೂವರು ಮರಳಿ ಬರುತ್ತಿದ್ದಾರೆ, ಮೂವರ ಹಾಳೆಯೂ 5ನೇ ಲೆವೆಲ್‌ನಲ್ಲಿ ಸಿದ್ಧವಾಗಿದೆ. ಪೆನ್ಸಿಲ್ ನೀವೇ ತನ್ನಿ, ರಬ್ಬರ್ ನನ್ನ ಹತ್ತಿರ ಇದೆ.