ಗೆದ್ದವನಿಗೆ ಹಾರ, ಸೋತವನಿಗೆ ಆಸರೆ



ನಮ್ಮ ಜಮಖಂಡಿ, ಮುಧೋಳ ಸೀಮೆಯ ಹಿರಿಯರಿಗೆ ಕುಸ್ತಿಯ ಕಣ ಹೊಸತಲ್ಲ. ಗೆದ್ದ ಪೈಲವಾನನಿಗೆ ರುಮಾಲು ಸುತ್ತಿ, ಹಲಗೆ ಬಾರಿಸಿ ಮೆರವಣಿಗೆ ಮಾಡುತ್ತೇವೆ. ಸೋತವನು ಮೈಮೇಲಿನ ಮಣ್ಣು ಕೊಡವಿಕೊಂಡು, ಯಾರ ಕಣ್ಣಿಗೂ ಬೀಳದಂತೆ ಹಿಂದಿನ ದಾರಿ ಹಿಡಿದು ಹೋಗಿಬಿಡುತ್ತಾನೆ. ಅವನು ಉಂಡನೋ ಇಲ್ಲವೋ ಎಂದು ಕೇಳಿದವರು ಯಾರು? ಎಷ್ಟೋ ಜಾತ್ರೆಗಳಲ್ಲಿ ನಾವೂ ಕೇಳಲಿಲ್ಲ.

ಈ ಮಾತು ನೆನಪಾದದ್ದು ಕುಸ್ತಿಯಿಂದಲ್ಲ, ಟೆನಿಸ್ ಆಟದಿಂದ. ಮಠದವರಿಗೆ ಟೆನಿಸ್ ಏತಕ್ಕೆ ಎಂದು ಹುಬ್ಬೇರಿಸಬೇಡಿರಿ. ಕೊಡಗಿನ ಕಾಫಿ ಬೆಳೆಗಾರರ ಮನೆಯಿಂದ ಬಂದ ರೋಹನ್ ಬೋಪಣ್ಣನವರ ಕಥೆಯಲ್ಲಿ ಒಕ್ಕಲುತನ ಮಾಡುವವರಿಗೂ, ಮಗ್ಗ ನೇಯುವವರಿಗೂ ಒಂದು ಪಾಠವಿದೆ.

ಅವರು ಹೆಸರಾದದ್ದು ಜೋಡಿ ಆಟದಲ್ಲಿ, ಅಂದರೆ ಬಲೆಯ ಆಚೆಗಿಬ್ಬರು, ಈಚೆಗಿಬ್ಬರು ನಿಂತು ಆಡುವ ಆಟದಲ್ಲಿ. 2021ರಲ್ಲಿ ಅವರಿಗೆ ನಲವತ್ತೊಂದು ವರ್ಷ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು. ಐದು ತಿಂಗಳವರೆಗೆ ಒಂದು ಪಂದ್ಯವನ್ನೂ ಗೆಲ್ಲಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಪೋರ್ಚುಗಲ್ ದೇಶದ ಎಸ್ಟೊರಿಲ್‌ನಲ್ಲಿ ಸಮುದ್ರದ ಕಡೆ ನೋಡುತ್ತ, ಮನೆಯಲ್ಲಿ ಹೆಂಡತಿ, ಚಿಕ್ಕ ಮಗಳನ್ನು ಬಿಟ್ಟು ತಾನಿಲ್ಲಿ ಏನು ಮಾಡುತ್ತಿದ್ದೇನೆ ಎಂದು ಚಿಂತಿಸಿದರಂತೆ. ಆಟ ಮುಗಿಸಿಬಿಡುತ್ತೇನೆಂದು ಮಡದಿಗೆ ಸಂದೇಶವನ್ನೂ ಕಳಿಸಿದ್ದರು.

ಆದರೆ ಬಿಡಲಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಯೋಗಪದ್ಧತಿಯನ್ನು ಅವರು 2020ರಲ್ಲಿಯೇ ಹಿಡಿದಿದ್ದರು. ಆ ಅಭ್ಯಾಸದಿಂದ ಕಾಲಿಗೆ ಬಲ ಬಂದಿತು. 2024ರ ಜನವರಿ 27ರಂದು, ನಲವತ್ತಮೂರನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಅವರೊಂದಿಗೆ ಆಸ್ಟ್ರೇಲಿಯನ್ ಓಪನ್ ಗೆದ್ದರು. ದೊಡ್ಡ ಪಂದ್ಯಾವಳಿಗಳ ಪುರುಷರ ಜೋಡಿ ಆಟದಲ್ಲಿ ಅವರಿಗೆ ಅದೇ ಮೊದಲ ಪ್ರಶಸ್ತಿ, ಅದೂ 61ನೆಯ ಯತ್ನದಲ್ಲಿ. ಎರಡು ದಿನ ಕಳೆದ ಮೇಲೆ ಜೋಡಿ ಆಟದಲ್ಲಿ ಜಗತ್ತಿಗೇ ಒಂದನೆಯವರಾದರು. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಸ್ಥಾನ ಏರಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಅದೇ ವರ್ಷ ಪದ್ಮಶ್ರೀಯೂ ಬಂದಿತು.

ಸಾಮಾನ್ಯವಾಗಿ ಹೇಳುವವರು ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ನಾವು ನಿಲ್ಲಿಸುವುದಿಲ್ಲ. ಏಕೆಂದರೆ ಏರು ಕೊಟ್ಟ ಅದೇ ವರ್ಷ ಇಳಿವನ್ನೂ ಕೊಟ್ಟಿತು. ಮಾರ್ಚಿಯಲ್ಲಿ ಮಯಾಮಿಯಲ್ಲಿ ಗೆದ್ದವರು, ಜುಲೈ ತಿಂಗಳಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಶ್ರೀರಾಮ್ ಬಾಲಾಜಿಯವರ ಜೊತೆ ಆಡಿ ಮೊದಲ ಸುತ್ತಿನಲ್ಲೇ 5-7, 2-6ರಿಂದ ಸೋತರು. 2002ರಿಂದ ದೇಶಕ್ಕಾಗಿ ಆಡಿದವರು, ದೇಶದ ಪರವಾಗಿ ಇದೇ ಕೊನೆಯ ಆಟವೆಂದು ಅಲ್ಲಿಯೇ ಹೇಳಿದರು. ಈ ಆಟದ ಲೆಕ್ಕವೂ ಕಠಿಣವಾದದ್ದು. ಒಂದು ಪಂದ್ಯಾವಳಿಯಲ್ಲಿ ಗಳಿಸಿದ ಅಂಕಗಳು 52 ವಾರ ಮಾತ್ರ ಉಳಿಯುತ್ತವೆ. ಆಮೇಲೆ ಮತ್ತೆ ಗೆದ್ದೇ ತುಂಬಬೇಕು. ಹೋದ ವರ್ಷ ಕಳಿಸಿದ ಕಬ್ಬನ್ನು ಈ ವರ್ಷದ ತೂಕಕ್ಕೆ ಹಿಡಿಯುತ್ತಾರೆಯೇ? 2025ರ ಜನವರಿಯಲ್ಲಿ ಅದೇ ಆಸ್ಟ್ರೇಲಿಯಾದಲ್ಲಿ, ಹೊಸ ಜೊತೆಗಾರನೊಂದಿಗೆ ಮೊದಲ ಸುತ್ತಿನಲ್ಲೇ ಸೋತರು. 2025ರ ನವೆಂಬರ್ 1ರಂದು ಆಟಕ್ಕೆ ವಿದಾಯ ಹೇಳಿದರು.

ಈಗ ವಿಚಾರ ಮಾಡಿರಿ. 2021ರ ಬೋಪಣ್ಣ, 2024ರ ಬೋಪಣ್ಣ ಬೇರೆ ಬೇರೆ ಮನುಷ್ಯರೇ? ಕೈ ಅದೇ, ಕಾಯಕ ಅದೇ. ಬದಲಾದದ್ದು ಫಲ ಮಾತ್ರ. ಒಂದು ವೇಳೆ ಆ ಜನವರಿಯ ಗೆಲುವು ಬಾರದೇ ಹೋಗಿದ್ದರೂ, ಸೋಲಿನ ಐದು ತಿಂಗಳು ನಿತ್ಯ ಕಣಕ್ಕಿಳಿದ ಆ ಮನುಷ್ಯ ಕಡಿಮೆಯವನಾಗುತ್ತಿರಲಿಲ್ಲ. ಹಟ ಹಿಡಿದವರೆಲ್ಲ ಒಂದನೆಯವರಾಗುತ್ತಾರೆಂದು ನಾವು ಹೇಳಲಾರೆವು. ಹಾಗೆ ಹೇಳಿದರೆ ಸುಳ್ಳು ಆಶೀರ್ವಾದವಾದೀತು.

ನಮ್ಮ ಷಟ್‌ಸ್ಥಲದಲ್ಲಿ ಮೂರನೆಯದು ಪ್ರಸಾದಿಸ್ಥಲ. ಬಂದುದನ್ನು ಶಿವನ ಪ್ರಸಾದವೆಂದು ಸ್ವೀಕರಿಸುವವನೇ ಪ್ರಸಾದಿ. ಹೋಳಿಗೆ ಬಂದ ದಿನ ಮಾತ್ರ ಕೈಯೊಡ್ಡಿ, ಗಂಜಿ ಬಂದ ದಿನ ಎಲೆ ಬಿಟ್ಟೇಳುವವನು ಪ್ರಸಾದಿಯಲ್ಲ. ಹಾಗೆಂದು ಕೈಕಟ್ಟಿ ಕೂಡ್ರುವುದೂ ಪ್ರಸಾದಭಾವವಲ್ಲ. ಸವೆದ ಮೊಣಕಾಲನ್ನು ಒಪ್ಪಿಕೊಂಡು, ಅದಕ್ಕೆ ತಕ್ಕ ಸಾಧನೆ ಹುಡುಕಿಕೊಳ್ಳುವುದೇ ನಿಜವಾದ ಸ್ವೀಕಾರ.

ಇಷ್ಟೆಲ್ಲ ಹೇಳಲು ಕಾರಣವಿದೆ. ಪರೀಕ್ಷೆಯ ಫಲಿತಾಂಶ ಬಂದ ವಾರ, ಕಬ್ಬಿನ ಬಿಲ್ಲು ತಡವಾದ ವರ್ಷ, ಬನಹಟ್ಟಿಯ ಕಡೆ ಮಗ್ಗದ ಸದ್ದು ನಿಂತ ತಿಂಗಳು, ತಾಯಂದಿರು ಮಠಕ್ಕೆ ಬರುತ್ತಾರೆ. “ಅಜ್ಜಾರ, ಮಗಾ ಮಾತಾಡೂದ ಬಿಟ್ಟಾನ್ರಿ” ಎನ್ನುತ್ತಾರೆ. 2019ರಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ, ಬೆಳೆದು ನಿಂತ ಕಬ್ಬು ನೀರಿನಲ್ಲಿ ಕೊಳೆತುದನ್ನು ನೀವೆಲ್ಲ ಕಂಡಿದ್ದೀರಿ. ಅದು ಒಕ್ಕಲಿಗನ ತಪ್ಪಾಗಿತ್ತೇ? ಆದರೂ ಸಾಲಗಾರನಾಗಿ ಮನೆಗೆ ಬಂದವನು ಮೊದಲು ಕೇಳುವುದು ಮನೆಯವರ ಕೊಂಕು ಮಾತು. ಒಂದು ಹಂಗಾಮು ಹೋದದ್ದಕ್ಕೆ, ಒಂದು ಪರೀಕ್ಷೆ ತಪ್ಪಿದ್ದಕ್ಕೆ ಜೀವವನ್ನೇ ಕಳೆದುಕೊಂಡವರ ಮನೆಗಳಿಗೆ ಸಾಂತ್ವನ ಹೇಳಲು ನಾವು ಹೋಗಿದ್ದೇವೆ. ಅಲ್ಲಿ ನಮ್ಮ ಯಾವ ಶಾಸ್ತ್ರವೂ ಬಾಯಿಗೆ ಬರಲಿಲ್ಲ.

ಬೋಪಣ್ಣನವರಿಗೆ ಸಮುದ್ರದ ದಂಡೆಯಿಂದ ಮನಸ್ಸು ಬಿಚ್ಚಿ ಹೇಳಲು ಮನೆಯಲ್ಲಿ ಒಬ್ಬರಿದ್ದರು. ನಿಮ್ಮ ಮಗನಿಗೆ ಹಾಗೆ ಹೇಳಲು ಯಾರಿದ್ದಾರೆ? ಹಿರಿಯರಾದವರು ಇದನ್ನು ಕೇಳಿಕೊಳ್ಳಬೇಕು. ಸೋತು ಬಂದವನನ್ನು “ಎಷ್ಟ ಬಂತು” ಎಂದು ಕೇಳುವ ಮೊದಲು “ಉಂಡಿಯೇನಪಾ” ಎಂದು ಕೇಳಿರಿ. ಲೆಕ್ಕ ನಾಳೆ ನೋಡಿದರಾಯಿತು.

ನಾವೂ ಒಂದು ಸಂಕಲ್ಪ ಮಾಡಿದ್ದೇವೆ. ಮುಂದಿನ ಜಾತ್ರೆಯಿಂದ ಕುಸ್ತಿ ಕಣದಲ್ಲಿ ಸೋತ ಪೈಲವಾನನನ್ನೂ ಹೆಸರು ಹಿಡಿದು ಕರೆಸುತ್ತೇವೆ. ಗೆದ್ದವನೂ ಸೋತವನೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಲಿ.

ಸರ್ವರಿಗೂ ಸನ್ಮಂಗಳವಾಗಲಿ.